ಕಾಣದ ಜೀವಿಗಳಿಗೂ ಒಂದು ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಸಾರ್, ಮಕ್ಕಳಿಗೆ ಉಪಯೋಗವಾಗುವ ವಿಷಯ ಮಾತನಾಡಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಸಿಇಟಿ, ಸ್ಕಾಲರ್‌ಶಿಪ್, ಸ್ಪರ್ಧಾತ್ಮಕ ಪರೀಕ್ಷೆ. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ವೇದಿಕೆಯಲ್ಲೇ ಇದ್ದಾರೆ. ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಲೆಕ್ಕಕ್ಕೆ ಹೆದರಿ ಜೀವಶಾಸ್ತ್ರ ತೆಗೆದುಕೊಳ್ಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ಇಂದು ಒಂದು ಸುದ್ದಿ ತಂದಿದ್ದೇನೆ, ಅದು ಸಿಹಿಯೋ ಕಹಿಯೋ ಅವರೇ ಹೇಳಲಿ. ಲೆಕ್ಕ ಅವರಿಗಿಂತ ಮೊದಲೇ ಕಾಡು ಸೇರಿಬಿಟ್ಟಿದೆ. ಒಂದು ಜಾಗದಲ್ಲಿ ಎಷ್ಟು ಬಗೆಯ ಜೀವಿಗಳಿವೆ, ಅವು ಯಾಕೆ ಒಟ್ಟಿಗಿವೆ, ನಮ್ಮ ಕಣ್ಣಿಗೆ ಬೀಳದವು ಎಷ್ಟು ಎಂಬ ಪ್ರಶ್ನೆಗಳಿಗೆ ಇಂದು ಉತ್ತರ ಹುಡುಕುವುದು ದುರ್ಬೀನಿನಿಂದ ಮಾತ್ರವಲ್ಲ, ಸಂಭವನೀಯತೆಯ ಸೂತ್ರಗಳಿಂದಲೂ ಕೂಡ.

ನಮಗೆ ಗೊತ್ತಿರುವ ಜಾಗದಿಂದಲೇ ಆರಂಭಿಸೋಣ. ಇಲ್ಲಿರುವ ಹಲವರು ಬೆಳಿಗ್ಗೆ ದಕ್ಕೆಗೆ ಹೋಗಿ ಮೀನು ತಂದವರು. ಬೋಟಿನಿಂದ ಬುಟ್ಟಿಗಳು ಇಳಿಯುವಾಗ ಏನು ಕಾಣುತ್ತದೆ? ಬಂಗುಡೆಯ ರಾಶಿ, ಬೂತಾಯಿಯ ರಾಶಿ. ಅದರ ನಡುವೆ ನಾಲ್ಕಾರು ನಂಗ್, ಎರಡು ಕಾಣೆ, ಒಂದು ತೊರಕೆ, ಜೊತೆಗೆ ಮಾರುವವರಿಗೂ ಹೆಸರು ಗೊತ್ತಿಲ್ಲದ ಒಂದೆರಡು. ರಾಶಿ ಬಿದ್ದಿರುವುದು ಎರಡು ಮೂರು ಜಾತಿಯವು ಮಾತ್ರ. ಉಳಿದ ಹತ್ತಾರು ಜಾತಿಗಳದ್ದು ಒಂದೊಂದು, ಎರಡೆರಡು.

ಇದು ಸಮುದ್ರದ ವಿಚಿತ್ರವಲ್ಲ, ಬಹುತೇಕ ಎಲ್ಲ ಕಡೆಯೂ ಹೀಗೆಯೇ. ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೈ ಕಾಡಿನಲ್ಲಿ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಗಿಡಮರಕ್ಕೂ ನಂಬರಿನ ಬಿಲ್ಲೆ ಹಾಕಿದರು. ಸುಮಾರು 25 ಸಾವಿರ ಗಿಡಮರಗಳು, ಸುಮಾರು 70 ಪ್ರಭೇದಗಳು. ಆದರೆ ಕಾಡನ್ನು ಕಾಡಾಗಿ ನಿಲ್ಲಿಸಿರುವವು ನಂದಿ, ಮತ್ತಿ, ದಿಂಡಿಗದಂತಹ ಕೆಲವೇ. ಬಾಕಿಯವುಗಳಲ್ಲಿ ಹೆಚ್ಚಿನವು ಅಲ್ಲೊಂದು ಇಲ್ಲೊಂದು.

ಮೂರೋ ನಾಲ್ಕೋ ಪ್ರಭೇದ ವಿಪುಲ, ಉಳಿದವು ವಿರಳ. ಈ ಆಕಾರಕ್ಕೆ ಒಂದು ಗಣಿತ ಇದೆಯೇ ಎಂದು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಮೂವರು ಮುಖ್ಯರು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿ.ಬಿ. ವಿಲಿಯಮ್ಸ್ ಎಂಬುವರು ರಾತ್ರಿ ದೀಪ ಹಚ್ಚಿಟ್ಟು ಪತಂಗಗಳನ್ನು ಹಿಡಿದು ಎಣಿಸುತ್ತಿದ್ದರು. 1933ರಿಂದ 1936ರವರೆಗೆ ನಾಲ್ಕು ವರ್ಷಗಳಲ್ಲಿ ಸಿಕ್ಕಿದ್ದು 15,609 ಪತಂಗಗಳು, 240 ಪ್ರಭೇದಗಳು. ಎ.ಎಸ್. ಕಾರ್ಬೆಟ್ ಮಲಯಾದಲ್ಲಿ ಚಿಟ್ಟೆ ಸಂಗ್ರಹಿಸಿದವರು. (ನರಭಕ್ಷಕ ಹುಲಿಗಳ ಕಾರ್ಬೆಟ್ ಅಲ್ಲ, ಇವರೇ ಬೇರೆ.) ಮೂರನೆಯವರು ಆಧುನಿಕ ಸಂಖ್ಯಾಶಾಸ್ತ್ರದ ದಿಗ್ಗಜ ಆರ್.ಎ. ಫಿಷರ್. ಮೂವರೂ ಸೇರಿ 1943ರಲ್ಲಿ ಬರೆದ ಲೇಖನ ಈ ಶಾಸ್ತ್ರದ ಅಡಿಪಾಯ.

ಕಾರ್ಬೆಟ್ ಅವರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಟ್ಟು 620 ಪ್ರಭೇದದ ಚಿಟ್ಟೆಗಳು ಸಿಕ್ಕವು. ಅವುಗಳಲ್ಲಿ 118 ಪ್ರಭೇದಗಳು ಒಂದೇ ಒಂದು ಸಲ ಸಿಕ್ಕಿದವು. 74 ಪ್ರಭೇದಗಳು ಎರಡು ಸಲ, 44 ಮೂರು ಸಲ, 24 ನಾಲ್ಕು ಸಲ, 29 ಐದು ಸಲ, ಹೀಗೆ ಪಟ್ಟಿ ಮುಂದುವರಿಯುತ್ತದೆ. ಈಗ ಪ್ರಶ್ನೆ: ಕಾರ್ಬೆಟ್ ಮತ್ತೆ ಅಷ್ಟೇ ಕಾಲ ಅದೇ ಕಾಡಿನಲ್ಲಿ ಬಲೆ ಹಿಡಿದು ಅಲೆದರೆ, ಹಿಂದೆಂದೂ ಕಾಣದ ಹೊಸ ಪ್ರಭೇದಗಳು ಎಷ್ಟು ಸಿಗಬಹುದು?

ಕೇಳಿದ ಕೂಡಲೇ ಇದು ಭವಿಷ್ಯ ಹೇಳುವವರ ಕೆಲಸ ಅನಿಸುತ್ತದೆ. ನೋಡದೇ ಇದ್ದುದನ್ನು ಎಣಿಸುವುದು ಹೇಗೆ? ಉತ್ತರ ಇರುವುದು ಆ 118ರಲ್ಲಿ. ಒಂದೇ ಸಲ ಸಿಕ್ಕಿದ ಚಿಟ್ಟೆ ಸಿಗದೇ ಹೋಗುವ ಅಂಚಿನಲ್ಲಿ ಇದ್ದದ್ದು. ಅಂಚಿನಲ್ಲಿ ಇಷ್ಟು ಮಂದಿ ಇದ್ದರೆ, ಅಂಚಿನ ಆಚೆಗೂ ಸುಮಾರು ಮಂದಿ ಇರಲೇಬೇಕು. ಎಲ್ಲ ಪ್ರಭೇದಗಳೂ ಹತ್ತು ಹತ್ತು ಸಲ ಸಿಕ್ಕಿದ್ದರೆ, ಇನ್ನು ಹೊಸದು ಉಳಿದಿಲ್ಲ ಎಂದು ನಾವು ಧೈರ್ಯವಾಗಿ ಹೇಳಬಹುದಿತ್ತು. ಫಿಷರ್ ತಮ್ಮ ಸೂತ್ರದಿಂದ ಇದಕ್ಕೆ ದಾರಿ ತೋರಿಸಿದರು. ಮುಂದೆ ಐ.ಜೆ. ಗುಡ್ ಮತ್ತು ಟೂಲ್ಮಿನ್ 1956ರಲ್ಲಿ ಕೊಟ್ಟ ಸೂತ್ರ ಎಷ್ಟು ಸರಳ ಎಂದರೆ ಎಂಟನೇ ತರಗತಿಯ ಮಕ್ಕಳೂ ಮಾಡಬಹುದು. ಒಂದು ಸಲದವುಗಳಿಂದ ಎರಡು ಸಲದವನ್ನು ಕಳೆಯಿರಿ, ಮೂರು ಸಲದವನ್ನು ಕೂಡಿಸಿ, ನಾಲ್ಕು ಸಲದವನ್ನು ಕಳೆಯಿರಿ. 118ರಿಂದ 74 ಹೋದರೆ 44, ಅದಕ್ಕೆ 44 ಸೇರಿದರೆ 88, ಅದರಿಂದ 24 ಹೋದರೆ 64. ಹೀಗೆ 24 ಸಲದವರೆಗೆ ಕೂಡಿ ಕಳೆದರೆ ಬರುವ ಉತ್ತರ 75. ಅಂದರೆ ಇನ್ನೂ ಅಷ್ಟೇ ಕಾಲ ದುಡಿದರೆ ಸುಮಾರು 75 ಹೊಸ ಪ್ರಭೇದಗಳು. ಮನೆಗೆ ಹೋಗಿ ಮಾಡಿ ನೋಡಿ, ಪೂರ್ತಿ ಪಟ್ಟಿ ನನ್ನ ಬಳಿ ಇದೆ, ಕೊಡುತ್ತೇನೆ.

ಈ ಗುಡ್ ಎಂಬುವರು ಎರಡನೇ ಮಹಾಯುದ್ಧದ ಕಾಲದಲ್ಲಿ ಅಲನ್ ಟ್ಯೂರಿಂಗ್ ಅವರ ಜೊತೆ ಜರ್ಮನರ ಗುಪ್ತ ಸಂಕೇತಗಳನ್ನು ಒಡೆಯುವ ಕೆಲಸದಲ್ಲಿದ್ದವರು. ಇದುವರೆಗೆ ಒಮ್ಮೆಯೂ ಕಾಣದ ಸಂಕೇತ ಮುಂದೆ ಬರುವ ಸಂಭವ ಎಷ್ಟು ಎಂಬ ಪ್ರಶ್ನೆ ಅವರಿಗೆ ಅಲ್ಲಿ ಎದುರಾಗಿತ್ತು. ಗುಪ್ತ ಸಂಕೇತಕ್ಕೂ ಚಿಟ್ಟೆಗೂ ಸಂಬಂಧವೇನು ಎಂದು ಕೇಳಬೇಡಿ, ಗಣಿತದ ಚೆಲುವು ಇರುವುದೇ ಅಲ್ಲಿ. ಇದೇ ಉಪಾಯದಿಂದ 1976ರಲ್ಲಿ ಎಫ್ರಾನ್ ಮತ್ತು ಥಿಸ್ಟೆಡ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು, ಷೇಕ್ಸ್‌ಪಿಯರ್ ತಾನು ಬಳಸದೇ ಬಿಟ್ಟ ಎಷ್ಟು ಪದಗಳನ್ನು ಬಲ್ಲವನಾಗಿದ್ದ ಎಂದು ಅಂದಾಜು ಮಾಡಿದರು. ಕನಿಷ್ಠ 35 ಸಾವಿರ ಎಂಬುದು ಅವರ ಲೆಕ್ಕ.

ಆದರೆ ಒಂದು ಎಚ್ಚರಿಕೆ. ಹಿಂದಿನಷ್ಟೇ ಕಾಲ ಮುಂದಕ್ಕೆ ಹೋದರೆ ಈ ಸೂತ್ರ ಚೆನ್ನಾಗಿ ನಡೆಯುತ್ತದೆ. ಹತ್ತು ಪಟ್ಟು ಕಾಲಕ್ಕೆ ಎಳೆದರೆ ಉತ್ತರ ಹುಚ್ಚೆದ್ದು ಕುಣಿಯುತ್ತದೆ. ಹಾಗಾದರೆ ಒಟ್ಟು ಎಷ್ಟು ಪ್ರಭೇದಗಳಿವೆ ಎಂದು ಹೇಳುವುದು ಹೇಗೆ? ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವ್ 1984ರಲ್ಲಿ ಬೇರೆಯೇ ದಾರಿ ಹಿಡಿದರು. ಒಟ್ಟು ಇಷ್ಟೇ ಎಂದು ಹೇಳಲು ಸಾಧ್ಯವಿಲ್ಲ, ಆದರೆ ಇದಕ್ಕಿಂತ ಕಡಿಮೆ ಇರಲಾರದು ಎಂದು ಹೇಳಬಹುದು ಎಂಬುದು ಅವರ ನಿಲುವು. ಒಂದು ಸಲದವುಗಳ ವರ್ಗವನ್ನು ಎರಡು ಸಲದವುಗಳ ಇಮ್ಮಡಿಯಿಂದ ಭಾಗಿಸಬೇಕು. ಕಾರ್ಬೆಟ್ ಲೆಕ್ಕಕ್ಕೆ ಹಾಕಿದರೆ 94 ಬರುತ್ತದೆ. 620ಕ್ಕೆ 94 ಸೇರಿ 714. ಆ ಕಾಡಿನಲ್ಲಿ ಕನಿಷ್ಠ 714. ನನಗೆ ಈ ಸೂತ್ರದಲ್ಲಿ ಇಷ್ಟವಾಗುವುದು ಅದರ ವಿನಯ. ಗೊತ್ತಿರುವಷ್ಟನ್ನೇ ಹೇಳುತ್ತದೆ.

ಇಷ್ಟೆಲ್ಲ ಯಾಕೆ, ಚಿಟ್ಟೆ 620 ಇದ್ದರೇನು 714 ಇದ್ದರೇನು ಎಂದು ಹಿಂದಿನ ಸಾಲಿನಲ್ಲಿ ಯಾರೋ ಯೋಚಿಸುತ್ತಿರಬಹುದು. ಅವರಿಗಾಗಿ ನಮ್ಮ ಊರಿಗೇ ಬರುತ್ತೇನೆ.

ನಮ್ಮ ಕರಾವಳಿಯ ಮುರಕಲ್ಲಿನ ಪದವುಗಳನ್ನು ನೀವೆಲ್ಲ ಬಲ್ಲಿರಿ. ಏಪ್ರಿಲಿನಲ್ಲಿ ಹೋದರೆ ಕಾದ ಕಾವಲಿ, ಹುಲ್ಲುಕಡ್ಡಿಯೂ ಇಲ್ಲ. ಸರಕಾರಿ ಕಡತದಲ್ಲಿ ಪಾಳುಭೂಮಿ. ಜೂನಿನಲ್ಲಿ ಮಳೆ ಬಿದ್ದ ಹದಿನೈದು ದಿನಕ್ಕೆ ಅದೇ ಕಲ್ಲಿನ ಮೇಲೆ ಹುಲ್ಲು, ಪುಟ್ಟ ಹೂ, ಹೊಂಡಗಳಲ್ಲಿ ನೀರು, ನೀರಿನಲ್ಲಿ ಗೊದಮೊಟ್ಟೆ. ಮಣಿಪಾಲದ ಸುತ್ತಿನ ಇಂತಹ ಪದವಿನಿಂದ 2016ರಲ್ಲಿ ವಿಜ್ಞಾನಕ್ಕೆ ಹೊಸದಾದ ಒಂದು ಕಪ್ಪೆಯನ್ನು ವಿವರಿಸಲಾಯಿತು. ಉದ್ದ ಸುಮಾರು 1.6 ಸೆಂಟಿಮೀಟರ್. ಅದರ ಕೂಗು ಮಿಡತೆಯ ಸದ್ದಿನಂತಿದೆ. ಮುರಕಲ್ಲಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ: ಮೈಕ್ರೊಹೈಲಾ ಲ್ಯಾಟರೈಟ್. ಕಾಲೇಜುಗಳು, ಹಾಸ್ಟೆಲುಗಳು, ಬಸ್ಸುಗಳು ಇರುವ ಊರಿನ ಪಕ್ಕದಲ್ಲಿ ಅದು ಅಷ್ಟು ಕಾಲ ಕೂಗುತ್ತಲೇ ಇತ್ತು.

ಈಗ ಯೋಚಿಸಿ. ಒಂದು ಯೋಜನೆ ಬರುತ್ತದೆ. ಪರಿಸರ ಪರಿಣಾಮದ ವರದಿ ಆಗಬೇಕು. ನಮ್ಮ ದೇಶದಲ್ಲಿ ಬಹಳಷ್ಟು ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ಪದ್ಧತಿ ನಡೆದು ಬಂದಿದೆ. ಬೇಸಿಗೆಯಲ್ಲಿ ನಾಲ್ಕು ದಿನ ಬಂದವರಿಗೆ ಪದವಿನಲ್ಲಿ ಕಪ್ಪೆ ಎಲ್ಲಿ ಕಾಣಬೇಕು? ವರದಿಯಲ್ಲಿ ಬರುವ ವಾಕ್ಯ "ಅಪರೂಪದ ಪ್ರಭೇದಗಳು ಕಂಡುಬಂದಿಲ್ಲ" ಎಂದು. ಓದುವವರಿಗೆ ಕೇಳಿಸುವ ವಾಕ್ಯ "ಅಪರೂಪದ ಪ್ರಭೇದಗಳು ಇಲ್ಲ" ಎಂದು. ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ಅಳೆಯುವುದೇ ಸಂಖ್ಯಾಶಾಸ್ತ್ರದ ಕೆಲಸ.

ಅಳೆಯುವುದು ಹೇಗೆ? ಒಂದು ಹೊಂಡದಲ್ಲಿ ಕಪ್ಪೆ ಇದೆ ಎಂದೇ ಇಟ್ಟುಕೊಳ್ಳಿ. ಒಂದು ಸಲ ಹೋದಾಗ ಅದು ಕಣ್ಣಿಗೋ ಕಿವಿಗೋ ಸಿಗುವ ಸಂಭವ ನೂರಕ್ಕೆ 40 ಆಗಿರಲಿ. ಹಾಗಿದ್ದರೆ ಒಂದೇ ಸಲ ಹೋಗಿ ಬಂದವರು ಅದನ್ನು ಕಾಣದೇ ಹೋಗುವ ಸಂಭವ ನೂರಕ್ಕೆ 60. ಮೂರು ಸಲ ಹೋದರೆ 0.6ನ್ನು ಮೂರು ಸಲ ಗುಣಿಸಿ, ಸುಮಾರು 22. ಐದು ಸಲ ಹೋದರೆ ಸುಮಾರು 8. ಐದು ಸಲ ಹೋಗಿ ಇಲ್ಲ ಎನ್ನುವವರ ಮಾತಿಗೂ, ಒಂದು ಸಲ ಹೋಗಿ ಇಲ್ಲ ಎನ್ನುವವರ ಮಾತಿಗೂ ಒಂದೇ ಬೆಲೆ ಅಲ್ಲ. ಅನೇಕ ಹೊಂಡಗಳಿಗೆ ಹಲವು ಸಲ ಹೋಗಿ, ಕಂಡದ್ದು ಕಾಣದ್ದು ಎರಡನ್ನೂ ಬರೆದಿಟ್ಟರೆ, ಕಪ್ಪೆ ಇರುವ ಸಂಭವವನ್ನೂ ಕಾಣುವ ಸಂಭವವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು. 2002ರಲ್ಲಿ ಮೆಕೆಂಝಿ ಮತ್ತು ಸಂಗಡಿಗರು ಇದಕ್ಕೆ ಸ್ಪಷ್ಟವಾದ ವಿಧಾನ ಕೊಟ್ಟರು. ಮೂರು ವರ್ಷದಲ್ಲಿ ಡೊರಾಝಿಯೊ ಮತ್ತು ರಾಯ್ಲ್ ಅದನ್ನು ಒಂದು ಪ್ರಭೇದದಿಂದ ಇಡೀ ಸಮುದಾಯಕ್ಕೆ ವಿಸ್ತರಿಸಿದರು. ನೂರಾರು ಸಲ ಕಂಡ ಪ್ರಭೇದಗಳಿಂದ ಕಲಿತದ್ದನ್ನು, ಎರಡೇ ಸಲ ಕಂಡ ಬಡಪಾಯಿ ಪ್ರಭೇದಕ್ಕೆ ಸಾಲ ಕೊಡುವುದು ಅದರ ಒಳಗುಟ್ಟು. ಬಡ್ಡಿ ಇಲ್ಲದ ಸಾಲ ಎಂದು ನಮ್ಮ ಹಿರಿಯರು ನಗುತ್ತಿದ್ದಾರೆ. ಬಡ್ಡಿ ಇಲ್ಲ ನಿಜ, ಆದರೆ ಸಾಲ ಕೊಡುವವರೂ ಪಡೆಯುವವರೂ ಒಂದೇ ಬಗೆಯವರಾಗಿರಬೇಕು. ಹದ್ದಿನಿಂದ ಕಲಿತದ್ದು ಕಪ್ಪೆಗೆ ಬಾರದು.

ಸರಿಯಾಗಿ ಎಣಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹುಲಿಗಿಂತ ದೊಡ್ಡ ಸಾಕ್ಷಿ ಬೇಡ. ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು 2005ರಲ್ಲಿ ಬಯಲಾಯಿತು. ಅದರವರೆಗೂ ಹೆಜ್ಜೆಗುರುತಿನ ಗಣತಿ ಅಲ್ಲಿ ಹುಲಿಗಳಿವೆ ಎಂದೇ ಹೇಳುತ್ತಿತ್ತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಅದಕ್ಕೆ ಎಷ್ಟೋ ಮೊದಲೇ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕಿದವು ಎಷ್ಟು, ಒಂದೇ ಸಲ ಸಿಕ್ಕಿದವು ಎಷ್ಟು ಎಂಬುದರಿಂದ ಕ್ಯಾಮೆರಾಕ್ಕೆ ಸಿಗದವುಗಳನ್ನೂ ಸೇರಿಸಿ ಅಂದಾಜು ಮಾಡುತ್ತಿದ್ದರು. ನೋಡಿದಿರಾ, ಚಿಟ್ಟೆಯ ಲೆಕ್ಕದ ಸೋದರ ಸಂಬಂಧಿ ಇದು.

ಹಳೆಯ ಪಟ್ಟಿಗಳ ಬಗ್ಗೆಯೂ ಒಂದು ಮಾತು. ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಕ್ಕಿಗಳ ಸಮೀಕ್ಷೆ ನಡೆಸಿದರು. ಜಾಗ, ದಿನಾಂಕ ಸಮೇತ ಬರೆದಿಟ್ಟಂತಹ ಇಂತಹ ದಾಖಲೆಗಳಿಗೆ ಬೆಲೆ ಕಟ್ಟಲಾಗದು. ಆದರೆ ಅವರು ಕಂಡ ಹಕ್ಕಿ ಇಂದು ನಮಗೆ ಅಲ್ಲಿ ಕಾಣದಿದ್ದರೆ ಅದು ಹೋಯಿತು ಎನ್ನಬೇಕೋ, ನಾವೇ ಸರಿಯಾಗಿ ನೋಡಲಿಲ್ಲ ಎನ್ನಬೇಕೋ? ನಮ್ಮ ಭೇಟಿಗಳ ಲೆಕ್ಕ ಇಲ್ಲದೆ ಉತ್ತರ ಇಲ್ಲ.

ಇನ್ನು ಎರಡನೇ ಪ್ರಶ್ನೆ, ಯಾರು ಯಾರ ಜೊತೆ ಇರುತ್ತಾರೆ ಎಂಬುದು. ಇದು ಸ್ವಲ್ಪ ಜಗಳದ ವಿಷಯ. ಜೇರೆಡ್ ಡೈಮಂಡ್ ಎಂಬ ವಿಜ್ಞಾನಿ ನ್ಯೂಗಿನಿಯ ಹತ್ತಿರದ ಬಿಸ್ಮಾರ್ಕ್ ದ್ವೀಪಗಳ ಹಕ್ಕಿಗಳನ್ನು ನೋಡಿ 1975ರಲ್ಲಿ ಒಂದು ವಾದ ಮುಂದಿಟ್ಟರು. ಹತ್ತಿರದ ನೆಂಟರಾದ ಎರಡು ಪಾರಿವಾಳಗಳಲ್ಲಿ ಕೆಲವು ದ್ವೀಪಗಳಲ್ಲಿ ಒಂದಿದೆ, ಕೆಲವುಗಳಲ್ಲಿ ಇನ್ನೊಂದಿದೆ, ಎರಡೂ ಇರುವ ದ್ವೀಪವೇ ಇಲ್ಲ. ಚದುರಂಗದ ಮಣೆಯ ಕಪ್ಪು ಬಿಳುಪು ಮನೆಗಳಂತೆ. ಇದಕ್ಕೆ ಕಾರಣ ಪೈಪೋಟಿ ಎಂದರು ಡೈಮಂಡ್. 1979ರಲ್ಲಿ ಕಾನರ್ ಮತ್ತು ಸಿಂಬರ್ಲಾಫ್ ಎದ್ದು ನಿಂತು ಕೇಳಿದರು: ಬರೀ ಆಕಸ್ಮಿಕದಿಂದ ಇಂತಹ ಎಷ್ಟು ಜೋಡಿಗಳು ಬರುತ್ತವೆ ಎಂದು ಲೆಕ್ಕ ಹಾಕಿದ್ದೀರಾ?

ತರಗತಿಯ ಹಾಜರಿ ಪುಸ್ತಕ ತೆಗೆದುಕೊಳ್ಳಿ. ಅಡ್ಡ ಸಾಲಿನಲ್ಲಿ ಹುಡುಗರು, ಉದ್ದ ಸಾಲಿನಲ್ಲಿ ದಿನಗಳು. ಒಂದು ಕಡೆ ಪ್ರಭೇದ, ಇನ್ನೊಂದು ಕಡೆ ದ್ವೀಪ ಎಂದು ಓದಿಕೊಂಡರೆ ಜೀವಿ ಸಮುದಾಯದ ಕೋಷ್ಟಕವೂ ಇದೇ. ಇಡೀ ತಿಂಗಳು ಒಂದೇ ದಿನ ಒಟ್ಟಿಗೆ ಬಾರದ ಇಬ್ಬರು ಹುಡುಗರು ಸಿಕ್ಕಿದರು. ಅವರಿಬ್ಬರಿಗೂ ಜಗಳ ಎನ್ನಬಹುದೇ? 60 ಹುಡುಗರಿದ್ದರೆ ಜೋಡಿಗಳು 1,770. ಅಷ್ಟರಲ್ಲಿ ಒಂದೆರಡು ಜೋಡಿ ಹಾಗೆ ಬರುವುದು ಬರೀ ಕಾಕತಾಳೀಯ ಆಗಿರಬಹುದು. ಹಾಗಾಗಿ ಮಾಡುವುದು ಇಷ್ಟು: ಪ್ರತಿ ಹುಡುಗನ ಒಟ್ಟು ಹಾಜರಿ, ಪ್ರತಿ ದಿನದ ಒಟ್ಟು ಹಾಜರಿ ಬದಲಾಗದಂತೆ ನೋಡಿಕೊಂಡು ಪುಸ್ತಕವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಕಲಸಬೇಕು. ಕಲಸಿದ ಪುಸ್ತಕಗಳಲ್ಲೂ ಅಷ್ಟೇ ಜೋಡಿಗಳು ಬಂದರೆ ಜಗಳದ ಕತೆ ಬಿಡಬೇಕು. ಬಹಳ ವರ್ಷ ನಡೆದ ಈ ವಾಗ್ವಾದದಲ್ಲಿ ಯಾರು ಗೆದ್ದರು ಎಂದು ಕೇಳಿದರೆ, ಡೈಮಂಡ್ ಎಲ್ಲ ಕಡೆ ತಪ್ಪಲ್ಲ, ಆದರೆ ಕಾನರ್ ಮತ್ತು ಸಿಂಬರ್ಲಾಫ್ ಕೇಳಿದ ಪ್ರಶ್ನೆಯನ್ನು ಇನ್ನು ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಚಿನ ಹದಿನೈದು ವರ್ಷಗಳಲ್ಲಿ ಈ ಎರಡೂ ದಾರಿಗಳು ಒಂದಾಗಿವೆ. ಒಂದೊಂದು ಪ್ರಭೇದಕ್ಕೆ ಪ್ರತ್ಯೇಕ ಲೆಕ್ಕ ಮಾಡುವ ಬದಲು ಎಲ್ಲ ಪ್ರಭೇದಗಳನ್ನೂ ಒಂದೇ ಮಾದರಿಯಲ್ಲಿ ಕೂರಿಸುತ್ತಾರೆ. ಫಿನ್ಲೆಂಡಿನ ಒಟ್ಸೊ ಓವಾಸ್ಕೈನೆನ್ ಮತ್ತು ಸಂಗಡಿಗರ ಹೆಸರು ಇದರಲ್ಲಿ ದೊಡ್ಡದು. ಮಳೆ, ಎತ್ತರ, ಮಣ್ಣು ಇವುಗಳಿಂದ ವಿವರಿಸಬಹುದಾದದ್ದನ್ನು ಮೊದಲು ವಿವರಿಸಿ, ಆಮೇಲೂ ಉಳಿದುಕೊಳ್ಳುವ ಒಡನಾಟ ಎಷ್ಟು ಎಂದು ನೋಡುತ್ತಾರೆ. ಇಲ್ಲೂ ಜಾರುವ ಜಾಗ ಇದೆ. ಗದ್ದೆಯಲ್ಲಿ ಗೋವಕ್ಕಿಯೂ ಎಮ್ಮೆಯೂ ಒಟ್ಟಿಗೆ ಕಾಣುತ್ತವೆ. ಅಲ್ಲಿ ನಿಜವಾದ ಸಂಬಂಧ ಇದೆ, ಎಮ್ಮೆ ನಡೆದಾಗ ಏಳುವ ಹುಳಗಳನ್ನು ಹಕ್ಕಿ ಹಿಡಿಯುತ್ತದೆ. ಕೆರೆಯಲ್ಲಿ ನೀರುಕಾಗೆಯೂ ಕಮಲವೂ ಒಟ್ಟಿಗೆ ಕಾಣುತ್ತವೆ. ಅಲ್ಲಿ ಇರುವ ಸಂಬಂಧ ಎರಡಕ್ಕೂ ನೀರು ಬೇಕು ಎಂಬುದಷ್ಟೇ. ನೀರನ್ನು ಅಳೆಯಲು ಮರೆತರೆ ಕೋಷ್ಟಕದಲ್ಲಿ ಎರಡು ಜೋಡಿಗಳೂ ಒಂದೇ ರೀತಿ ಕಾಣುತ್ತವೆ. ಯಾವುದು ಯಾವುದು ಎಂದು ತಿಳಿಯಲು ಮತ್ತೆ ಗದ್ದೆಗೇ ಇಳಿಯಬೇಕು. ಕಂಪ್ಯೂಟರ್ ಬಣ್ಣ ಬಣ್ಣದ ಚಿತ್ರ ಕೊಟ್ಟ ಮಾತ್ರಕ್ಕೆ ನಂಬಿಬಿಡುವವರು ಹೆಚ್ಚುತ್ತಿದ್ದಾರೆ, ಅದು ಸರಿಯಲ್ಲ.

ಈ ಶಾಸ್ತ್ರ ಹೊರದೇಶದವರದ್ದು ಎಂದು ಯಾರೂ ಭಾವಿಸಬೇಡಿ. ಸಿ.ಆರ್. ರಾವ್ ಅವರ ಹೆಸರು ಕೇಳಿರುತ್ತೀರಿ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು, ಕೇಂಬ್ರಿಜ್‌ನಲ್ಲಿ ಇದೇ ಫಿಷರ್ ಅವರ ಶಿಷ್ಯರಾದವರು, 2023ರಲ್ಲಿ ತೀರಿಕೊಂಡವರು. ಅವರು 1982ರಲ್ಲಿ ಕೊಟ್ಟ ವೈವಿಧ್ಯದ ಅಳತೆಯನ್ನು ಇಂದು ಪ್ರಪಂಚದ ಎಲ್ಲ ಕಡೆ ಪರಿಸರ ವಿಜ್ಞಾನಿಗಳು ಬಳಸುತ್ತಾರೆ. ವಿಷಯ ಸುಲಭ. ಒಂದು ಕೆರೆಯಲ್ಲಿ ನಾಲ್ಕು ಬಗೆಯ ಬೆಳ್ಳಕ್ಕಿ. ಇನ್ನೊಂದರಲ್ಲಿ ಒಂದು ಬೆಳ್ಳಕ್ಕಿ, ಒಂದು ಬಾತು, ಒಂದು ಮಿಂಚುಳ್ಳಿ, ಒಂದು ಹದ್ದು. ಎರಡರಲ್ಲೂ ಪ್ರಭೇದ ನಾಲ್ಕೇ. ಆದರೆ ಎರಡೂ ಒಂದೇ ಅಲ್ಲ ಎಂದು ನಮ್ಮ ಕಣ್ಣು ಹೇಳುತ್ತದೆ. ಕಣ್ಣುಮುಚ್ಚಿ ಎರಡು ಹಕ್ಕಿ ಆರಿಸಿದರೆ ಅವುಗಳ ನಡುವಿನ ವ್ಯತ್ಯಾಸ ಸರಾಸರಿ ಎಷ್ಟು ಎಂದು ರಾವ್ ಕೇಳಿದರು. ಉತ್ತರವೇ ಅಳತೆ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಕೆಲಸದ ಮಾತು. ಈ ಲೆಕ್ಕಗಳಿಗೆ ಬೇಕಾದ ಆರ್ ಎಂಬ ತಂತ್ರಾಂಶ ಪೂರ್ತಿ ಉಚಿತ, ಸಾಧಾರಣ ಕಂಪ್ಯೂಟರಿನಲ್ಲೇ ನಡೆಯುತ್ತದೆ. ದತ್ತಾಂಶಕ್ಕೂ ಕಾಡಿಗೇ ಹೋಗಬೇಕೆಂದಿಲ್ಲ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಪ್ರಭೇದಗಳ ಬಗ್ಗೆ ಬರೆದದ್ದು ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಕೊಟ್ಟ ಮೂರು ಕೋಟಿ ದಾಖಲೆಗಳ ಮೇಲೆ. ಅವರಲ್ಲಿ ಶಾಲಾ ಮಕ್ಕಳೂ ಗೃಹಿಣಿಯರೂ ಇದ್ದಾರೆ. ಅಲ್ಲಿ ಕಂಡ ಎಲ್ಲ ಹಕ್ಕಿಗಳನ್ನೂ ಬರೆಯಿರಿ ಎಂದು ಕೇಳುತ್ತಾರೆ, ಇಷ್ಟವಾದ ಎರಡನ್ನಲ್ಲ. ಎಲ್ಲವನ್ನೂ ಬರೆದಾಗ ಮಾತ್ರ ಬರೆಯದೇ ಬಿಟ್ಟದ್ದಕ್ಕೂ ಅರ್ಥ ಬರುತ್ತದೆ. ನೀವೂ ಮನೆಯ ಹಿತ್ತಿಲಲ್ಲಿ ಬಿಳಿ ಬಟ್ಟೆ ಕಟ್ಟಿ, ಬಲ್ಬು ಹಚ್ಚಿ, ವಾರಕ್ಕೊಮ್ಮೆ ಒಂದು ಗಂಟೆ ಪತಂಗ ಎಣಿಸಬಹುದು. ಹೆಸರು ಗೊತ್ತಾಗದಿದ್ದರೆ ಚಿತ್ರ ತೆಗೆದು ಒಂದು, ಎರಡು ಎಂದು ನಂಬರ್ ಕೊಡಿ. ದಿನಾಂಕ, ಎಷ್ಟು ಹೊತ್ತು ಕುಳಿತಿರಿ, ಮಳೆ ಇತ್ತೋ ಇಲ್ಲವೋ ಬರೆಯಿರಿ. ಒಂದೂ ಬಾರದ ರಾತ್ರಿ ಪುಟ ಖಾಲಿ ಬಿಡದೆ ಸೊನ್ನೆ ಎಂದು ಬರೆಯಿರಿ. ಮೂರು ತಿಂಗಳ ಪುಸ್ತಕ ತಂದವರ ಜೊತೆ ಕುಳಿತು ಕಾರ್ಬೆಟ್ ಅವರ ಲೆಕ್ಕ ಮಾಡಲು ನಾನು ಸಿದ್ಧ. ವಿಳಾಸ ಕಾರ್ಯದರ್ಶಿಯವರ ಬಳಿ ಇದೆ.